ಅವ್ವ ಹಿಡಿಜೋಳ ತಡೆದ ಸುಗ್ಗಿ

ಕಳೆದ ಸುಗ್ಗಿ ಹಬ್ಬದ ಭಾನುವಾರ ಆಳಂದದಿಂದ ನಮ್ಮೂರಿಗೆ ಹೋಗಿದ್ದೆ. ಅಫಜಲಪುರದವರೆಗೆ ಬಸ್ಸು, ಅಲ್ಲಿಂದ ಭೀಮಾ ದಂಡೆಯ ದಾರಿಯಲ್ಲಿ ಟಂಟಂ ಆಟೊ. ಮಣ್ಣೂರಿಗಿಂತ ಈಚೆಗೇ ಇಳಿದರೆ ನಮ್ಮ ಕೇರಿ, ಕೇರಿಯ ತುದಿಗೆ ನಮ್ಮ ಗುಡಿ. ನಾವು ಕ್ರೈಸ್ತರು. ಆದರೂ ಚರ್ಚಿಗೆ ನಮ್ಮಲ್ಲಿ ಗುಡಿ ಎಂದೇ ಹೆಸರು, ಪಾದ್ರಿಗೆ ಅಯ್ಯನೋರು ಎಂದೇ. ಒಳಗೆ ಕಾಲಿಡುತ್ತಲೇ ಹೊಸ ಜೋಳದ ವಾಸನೆ ಬಂತು. ಪೀಠದ ಮುಂದೆ ರಾಶಿ ಹಾಕಿದ್ದರು. ಬಿಸಿಲು, ಧೂಳು, ಹಸಿ ಕಣಿಕೆ ದಂಟಿನ ಸಿಹಿ ಎಲ್ಲ ಕೂಡಿದ ವಾಸನೆ ಅದು. ಅದು ನನ್ನ ಮಟ್ಟಿಗೆ ಅವ್ವನ ಸೆರಗಿನ ವಾಸನೆ. ಕಣ್ಣು ತುಂಬಿ ಬಂದು ಗೋಡೆಗೆ ಒರಗಿ ಕೂತೆ.

ಅಷ್ಟರಲ್ಲಿ ಹೊಸದಾಗಿ ಬಂದ ಅಯ್ಯನೋರು ಪ್ರಸಂಗದ ನಡುವೆ ಅವ್ವನ ಹೆಸರೆತ್ತಿದರು. ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತುಗಾರರು. ಯಾರು ಹೇಳಿಕೊಟ್ಟಿದ್ದರೋ ಏನೋ. “ಮಾರ್ತಮ್ಮನವರಂಥ ತಾಯಂದಿರೇ ಈ ಸಭೆಯ ಬುನಾದಿ. ಎಂಥ ಸೌಮ್ಯ ಸ್ವಭಾವ, ಎಂಥ ವಿಧೇಯತೆ! ಹಿರಿಯರ ಮಾತಿಗೆ ಎಂದೂ ಎದುರಾಡಿದವರಲ್ಲ” ಅಂದರು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿ ಹಿಡಿದಳು. ಅವಳು ಅಳುತ್ತಿದ್ದಾಳೆಂದು ಅಯ್ಯನೋರು ತಿಳಿದಿರಬೇಕು. ಅವಳು ನಗುತ್ತಿದ್ದಳು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಸತ್ತವರನ್ನು ಹೊಗಳುವ ನೆಪದಲ್ಲಿ ಅವರ ಹಲ್ಲು ಕಿತ್ತುಬಿಡುವುದು ನಮ್ಮ ಜನಕ್ಕೆ ರೂಢಿ. ನಮ್ಮವ್ವನಿಗೆ ಹಲ್ಲಿದ್ದವು. ಅವು ಎಷ್ಟು ಗಟ್ಟಿ ಇದ್ದವೆಂಬುದನ್ನು ಇಡೀ ಸಭೆ ಒಂದು ಸುಗ್ಗಿಯಲ್ಲಿ ನೋಡಿದೆ. ನಾನು ಏಳನೇ ಇಯತ್ತೆಯಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದಿತ್ತು. ಸಂಕ್ರಾಂತಿ ಹೊತ್ತಿಗೆ ಜೋಳದ ತೆನೆ ಹಾಲುಗಟ್ಟಿ, ಎಲ್ಲಿ ನೋಡಿದರೂ ಎಳೆ ತೆನೆಯ ಸೀತನಿ ಸುಡುವ ಹೊಗೆ. ಅವ್ವನಿಗೆ ಹೊಲವಿರಲಿಲ್ಲ. ಕರಜಗಿ ಕಡೆಯ ಹೊಲಗಳವರೆಗೂ ಕೇರಿಯ ಹೆಂಗಸರ ಗುಂಪು ಕಟ್ಟಿಕೊಂಡು ಕೊಯ್ಲಿಗೆ ಹೋಗುತ್ತಿದ್ದಳು. ಕೂಲಿಯಾಗಿ ಬಂದ ಜೋಳದಲ್ಲಿ ಮೊದಲ ಹಿಡಿ ದೇವರದು. ಇದು ನಮ್ಮ ಕೇರಿಯ ಹಳೆಯ ಕ್ರಮ. ಬೀಸಲು ಕೂತಾಗ, ಇಲ್ಲವೇ ಗಿರಣಿಗೆ ಬುಟ್ಟಿ ತುಂಬುವಾಗ, ಮನೆಯಾಕೆ ಒಂದು ಹಿಡಿ ಜೋಳ ತೆಗೆದು ಮೂಲೆಯ ಗಡಿಗೆಗೆ ಹಾಕಬೇಕು. ಒಮ್ಮೆ ಗಡಿಗೆಗೆ ಬಿದ್ದ ಜೋಳ ಮತ್ತೆ ಮನೆಯ ಬುಟ್ಟಿಗೆ ಹೋಗುವಂತಿಲ್ಲ, ಮಕ್ಕಳು ಹಸಿದು ಅತ್ತರೂ ಇಲ್ಲ. ಶನಿವಾರ ಅವ್ವ ಮನೆಮನೆಗೆ ಹೋಗಿ ಗಡಿಗೆಗಳನ್ನು ತನ್ನ ಬುಟ್ಟಿಗೆ ಸುರುವಿಕೊಂಡು ಬಂದು ಗುಡಿಯ ಹಿಂದಿನ ಹಗೇವಿಗೆ ಇಳಿಸುತ್ತಿದ್ದಳು. ನೆಲದೊಳಗಿನ ಆ ಕಣಜವೇ ಸಭೆಯ ಹೊಟ್ಟೆ. ಅಯ್ಯನೋರ ರೊಟ್ಟಿ, ಹಬ್ಬದ ಪಂಕ್ತಿಯೂಟ, ದಿಕ್ಕಿಲ್ಲದವರ ಗಂಜಿ, ಎಲ್ಲ ಅದರಿಂದಲೇ. ಹಗೇವಿನ ಮೇಲಿನ ಅಧಿಕಾರ ಮಾತ್ರ ಗಂಡಸರದು. ಸಭೆಯ ಹಿರಿಯರು ಎಂದು ಒಂದು ಕಮಿಟಿ ಇತ್ತು. ಅದರ ಮುಖಂಡರು ದಾನಿಯೇಲಪ್ಪನವರು, ಬಿಳಿ ಧೋತರದ ಇಸ್ತ್ರಿ ಮುರಿಯದಂತೆ ಕೂರುವವರು. ನಮ್ಮಪ್ಪನೂ ಕಮಿಟಿಯಲ್ಲಿದ್ದ, ಆದರೆ ಬಾಯಿಗಿಂತ ಕೈಗೆ ಹೆಚ್ಚು ಕೆಲಸ. ಗುಡಿಯ ಗಂಟೆ ಬಾರಿಸುವುದು, ಸಮಾಧಿ ಹೊಲದ ಗೇಟಿನ ಕೀಲಿ ಇಟ್ಟುಕೊಳ್ಳುವುದು ಅವನ ಪಾಲಿಗೆ ಬಂದಿದ್ದವು. ಕೀಲಿ ಸದಾ ಅವನ ಉಡದಾರದಲ್ಲಿ ತೂಗುತ್ತಿತ್ತು.

ಇನ್ನು ಗೌರವ್ವ. ಅವಳು ನಮ್ಮ ಕೇರಿಯವಳೇ, ಆದರೆ ಸಭೆಗೆ ಸೇರಿದವಳಲ್ಲ. ಚಿಕ್ಕಂದಿನಲ್ಲಿ ಅವಳವ್ವ ಅವಳ ಕೊರಳಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟಿದ್ದಳು. ಹಾಗೆ ಬಿಟ್ಟವರ ಬಾಳು ಏನಾಗುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರ ದೊಡ್ಡವರು ಬಂದರು, ಹೋದರು. ವಯಸ್ಸು ಇಳಿದ ಮೇಲೆ ಯಾರೂ ಬರಲಿಲ್ಲ. ಆಗ ಅವಳು ಗುಡಿಗೆ ಬರತೊಡಗಿದಳು. ಶನಿವಾರ ಸೆಗಣಿಯಿಂದ ನೆಲ ಸಾರಿಸುವುದು, ಭಾನುವಾರ ಹೊಸ್ತಿಲ ಮೇಲೆ ಕೂತು ಹಾಡು ಕೇಳುವುದು. ದೀಕ್ಷಾಸ್ನಾನ ತೆಗೆದುಕೋ ಅಂದಾಗೆಲ್ಲ ಮುತ್ತಿನ ಮಾತು ಬರುತ್ತಿತ್ತು. ಅದನ್ನು ಹರಿಯದೆ ಸ್ನಾನವಿಲ್ಲ. ಅವಳು ಹರಿಯುತ್ತಿರಲಿಲ್ಲ. ದೇವಿಯ ಹೆದರಿಕೆಯಿಂದಲ್ಲ. ಅವಳವ್ವ ಮುದುಕಿಯಾಗಿ ಕಣ್ಣು ಕಳೆದುಕೊಂಡಿದ್ದಳು. ದಿನಾ ಸಂಜೆ ಮಗಳನ್ನು ಹತ್ತಿರ ಕೂರಿಸಿಕೊಂಡು ಕೊರಳು ತಡವಿ ನೋಡುತ್ತಿದ್ದಳು. ಕೈಗೆ ಮುತ್ತು ತಾಗಿದರೆ ಮಗಳು ಕ್ಷೇಮ ಎಂದು ಅವಳ ಲೆಕ್ಕ. “ಆಕಿ ಇರೂತನಕ ಇರ್ಲಿ ಬೇ ಮಾರ್ತವ್ವಾ. ಕಣ್ಣಿಲ್ಲದಾಕಿಗೆ ಇದೊಂದ ಅದ” ಅನ್ನುತ್ತಿದ್ದಳು ಗೌರವ್ವ.

ಮುದುಕಿಗಿಂತ ಮೊದಲು ಮಗಳೇ ಹಾಸಿಗೆ ಹಿಡಿದಳು. ಕೆಮ್ಮು, ಜ್ವರ, ಅಫಜಲಪುರದ ದವಾಖಾನೆಯ ಗುಳಿಗೆ. ಒಂದು ದಿನ ಅವ್ವ ಗಂಜಿ ಕುಡಿಸುವಾಗ ನಾನೂ ಆ ಗುಡಿಸಲಲ್ಲಿದ್ದೆ.

“ಮಾರ್ತವ್ವಾ, ನನ್ನ ಎಲ್ಲಿ ಇಡ್ತಾರ?”

“ಈಗ್ಯಾಕ ಆ ಚಿಂತಿ? ಗಂಜಿ ಕುಡಿ ಮೊದಲ.”

“ನಮ್ಮ ಮಂದಿ ಅಂತಾರ, ಇಷ್ಟು ವರ್ಷ ಅವರ ಗುಡಿ ಸಾರಿಸಿದಿ, ಅವರೇ ನೋಡ್ಕೊಳ್ಳಲಿ ಅಂತ. ನಿಮ್ಮ ಮಂದಿ ಅಂತಾರ, ಕೊರಳಾಗ ಮುತ್ತು ಅವ ಅಂತ. ನಾಯಿಗಾದರೂ ಒಂದು ಜಾಗ ಇರ್ತದ ಬೇ.”

ಅವ್ವ ಬಟ್ಟಲು ಕೆಳಗಿಟ್ಟಳು. “ನಮ್ಮ ಹೊಲದಾಗ ಇಡ್ತೇವಿ. ನಾ ಹೇಳಾಕತ್ತೇನಿ ಕೇಳು.”

ಹೇಳುವುದೇನೋ ಹೇಳಿಬಿಟ್ಟಳು. ಸಮಾಧಿ ಹೊಲ ಅವಳ ಅಪ್ಪನದಾಗಿರಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದು ಹಿರಿಯರು ಕೂತಾಗ, ಹಿಂದೆ ಕೂತಿದ್ದ ಹೆಂಗಸರ ಸಾಲಿನಿಂದ ಅವ್ವ ಎದ್ದು ನಿಂತಳು. ಹೆಂಗಸರು ಹಾಡಲು ಏಳುತ್ತಿದ್ದರು, ಮಾತಾಡಲು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಗೌರವ್ವನಿಗೆ ನಮ್ಮ ಹೊಲದಲ್ಲಿ ಜಾಗ ಬೇಕು ಎಂದು ಕೇಳಿದಳು. ದಾನಿಯೇಲಪ್ಪನವರು ನಕ್ಕರು.

“ಆಕಿ ಇನ್ನಾ ಜೀವಂತ ಅದಾಳ, ಆಗಲೇ ಕುಣಿ ಕೇಳಾಕ ಬಂದಿ? ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿದಂಗಾತು.”

“ಸತ್ತ ಮ್ಯಾಲ ನೀವು ಮೀಟಿಂಗ್ ಕರೀತೀರಿ. ಮೀಟಿಂಗ್ ಮುಗಿಯೂತನಕ ಹೆಣ ಕಾಯಂಗಿಲ್ರಿ.”

“ದೀಕ್ಷಾಸ್ನಾನ ಆಗಿಲ್ಲ. ಕಾಯಿದೆ ಅಂದ್ರ ಕಾಯಿದೆ. ಮುತ್ತು ಹರದು ಬರ್ಲಿ, ಆಮ್ಯಾಲ ನೋಡೂಣು.”

ಆಗಿನ ಅಯ್ಯನೋರು ಜೇವರ್ಗಿ ಕಡೆಯವರು, ಬಹಳ ಒಳ್ಳೆಯವರು, ಅಷ್ಟೇ ಪುಕ್ಕಲರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, “ಇಬ್ಬರ ಮಾತಿನಾಗೂ ಅರ್ಥ ಅದ. ಪ್ರಾರ್ಥನಾ ಮಾಡೂಣು, ದೇವರ ಉತ್ತರಕ್ಕ ಕಾಯೂಣು” ಅಂದರು.

“ದೇವರ ಉತ್ತರ ನನಗ ಗೊತ್ತದ್ರಿ ಅಯ್ಯನೋರ. ನಿಮ್ಮ ಉತ್ತರ ಕೇಳಾಕತ್ತೇನಿ” ಅಂದಳು ಅವ್ವ.

ಅಯ್ಯನೋರು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಅಪ್ಪ ನೆಲ ನೋಡುತ್ತ ಕೂತಿದ್ದ.

ಫೈಸಲಾ ಆದದ್ದು ಗುಡಿಯಲ್ಲಲ್ಲ, ಜೋಳದ ಸಾಲಿನಲ್ಲಿ. ಆ ವಾರವಿಡೀ ಕುಡಗೋಲು ಆಡಿಸುತ್ತ ಹೆಂಗಸರು ಇದನ್ನೇ ಮಾತಾಡಿದರು. ಮೊದಮೊದಲು ಎಲ್ಲರೂ ಅವ್ವನ ಕಡೆ ಇರಲಿಲ್ಲ. ನಮ್ಮ ಗಂಡಂದಿರನ್ನು ಕೆಡಿಸಿದವಳು ಎಂದು ಒಬ್ಬಳು ಅಂದಳು. ಅವ್ವ ಕೊಯ್ಯುವುದನ್ನು ನಿಲ್ಲಿಸಲೂ ಇಲ್ಲ. “ನಿನ್ನ ಗಂಡ ಎತ್ತಲ್ಲ ಬೇ, ಹಗ್ಗ ಹಿಡದು ಎಳಕೊಂಡು ಹೋಗಾಕ. ತನ್ನ ಕಾಲಿಲೇ ಹೋದ, ತನ್ನ ಕಾಲಿಲೇ ಬಂದ. ಅವನಿಗೆ ಹೊಲದಾಗ ಜಾಗ ಅದ, ಈಕಿಗಿಲ್ಲ. ಯಾಕ?” ಸಾಲು ಮುಗಿದ ಮೇಲೆ ಆ ಹೆಂಗಸೇ, “ಹಂಗಾದ್ರ ಏನ ಮಾಡೂಣಂತಿ?” ಎಂದು ಕೇಳಿದಳಂತೆ.

ಶನಿವಾರ ಅವ್ವ ಎಂದಿನಂತೆ ಬುಟ್ಟಿ ಹೊತ್ತು ಹೊರಟಳು. ಮನೆಮನೆಯ ಗಡಿಗೆಯ ಜೋಳ ಬುಟ್ಟಿಗೆ ಬಿತ್ತು. ಗುಡಿಯ ತಿರುವು ಬಂದಾಗ ಅವ್ವ ತಿರುಗಲಿಲ್ಲ. ನೆಟ್ಟಗೆ ನಡೆದು ಗೌರವ್ವನ ಗುಡಿಸಲಿಗೆ ಹೋಗಿ ಬುಟ್ಟಿ ಇಳಿಸಿದಳು. ಹಿಡಿ ತೆಗೆಯುವುದನ್ನು ಯಾರೂ ಬಿಟ್ಟಿರಲಿಲ್ಲ. ದೇವರಿಗೆ ಕೊಟ್ಟದ್ದನ್ನು ಯಾರೂ ಮನೆಗೆ ಇಟ್ಟುಕೊಂಡಿರಲಿಲ್ಲ. ಹಗೇವಿಗೆ ಮಾತ್ರ ಒಂದು ಕಾಳೂ ಬೀಳಲಿಲ್ಲ.

ಸೋಮವಾರ ಬೆಳಿಗ್ಗೆಯೇ ದಾನಿಯೇಲಪ್ಪನವರು ನಮ್ಮ ಅಂಗಳದಲ್ಲಿದ್ದರು.

“ದೇವರ ಪಾಲು ಎಲ್ಲದ ಮಾರ್ತವ್ವಾ?”

“ದೇವರ ಪಾಲು ದೇವರಿಗೇ ಮುಟ್ಟ್ಯಾದ್ರಿ. ಖಾತ್ರಿ ಬೇಕಂದ್ರ ಹೋಗಿ ನೋಡ್ರಿ. ಆ ಗುಡಿಸಲದಾಗ ಮಕ್ಕೊಂಡು ಕೆಮ್ಮಾಕತ್ತಾನ.”

ದಾನಿಯೇಲಪ್ಪನವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನಾನು ಕಂಬದ ಹಿಂದೆ ನಿಂತು ಅವರ ಮುಖವನ್ನೇ ನೋಡಿದೆ. ಇವತ್ತಿಗೂ ಆ ಮುಖ ನೆನಪಾದರೆ ನನಗೆ ಎರಡು ರೊಟ್ಟಿ ಹೆಚ್ಚು ಸೇರುತ್ತವೆ.

ಅದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಹಗೇವಿನ ತಳ ಕಾಣತೊಡಗಿತು. ಅಯ್ಯನೋರ ಒಲೆ ತಣ್ಣಗಾಗುವ ಹೊತ್ತಿಗೆ ಅವ್ವ ನಮ್ಮ ಪಾಲಿನ ಕೂಲಿಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿ ನನ್ನ ಕೈಗೆ ಕೊಟ್ಟಳು. “ಹಠ ಹಠದ ಜಾಗಾದಾಗ, ಹೊಟ್ಟಿ ಹೊಟ್ಟಿ ಜಾಗಾದಾಗ. ಕೊಟ್ಟು ಬಾ” ಅಂದಳು. ಅಯ್ಯನೋರು ಗಂಟು ತೆಗೆದುಕೊಂಡು, “ನಿಮ್ಮವ್ವಗ ನನ್ನ ಮ್ಯಾಲ ಸಿಟ್ಟೈತೇನವಾ?” ಎಂದು ಕೇಳಿದರು. “ಹೌದ್ರಿ” ಅಂದೆ. ಅವರು ತಲೆಯಾಡಿಸಿ ರೊಟ್ಟಿ ಮುರಿದರು.

ಮನೆಯಲ್ಲಿ ಅಪ್ಪ ಒಂದು ಸಂಜೆ ತಡೆಯಲಾರದೆ ಕೇಳಿದ. “ನಾಳಿಗೆ ನಮ್ಮನ್ನ ಸಭಾದಿಂದ ಹೊರಗ ಹಾಕಿದ್ರ? ಈಕಿ ಲಗ್ನ ಯಾರು ಮಾಡ್ಸತಾರ?” ಈಕಿ ಅಂದರೆ ನಾನು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ತಾಳ ತಪ್ಪಲಿಲ್ಲ. “ಹಾಕ್ಲಿ. ಹೊರಗೂ ಆ ದೇವರೇ ಅದಾನ” ಅಂದಳು. ಅವಳಿಗೆ ಹೆದರಿಕೆ ಇರಲಿಲ್ಲವೆಂದು ನಾನು ಹೇಳಲಾರೆ. ಮದುವೆಯಾಗಿ ಬಂದಾಗಿನಿಂದ ಆ ಗುಡಿಯೇ ಅವಳ ತವರು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಅವಳು ಕಣ್ಣೀರು ಹಾಕುತ್ತ ಹಿಡಿಜೋಳ ತೆಗೆಯುವುದನ್ನು ನೋಡಿದ್ದೇನೆ. ಅತ್ತಳು, ಆದರೆ ಮಣಿಯಲಿಲ್ಲ.

ಗೌರವ್ವ ಶುಭ ಶುಕ್ರವಾರ ಮಧ್ಯಾಹ್ನ ತೀರಿಕೊಂಡಳು. ಗುಡಿಯಲ್ಲಿ ಉದ್ದನೆಯ ಆರಾಧನೆ ನಡೆದಿತ್ತು. ಸುದ್ದಿ ಬಂದಾಗ ಅವ್ವ ಎದ್ದಳು, ಅವಳ ಹಿಂದೆ ಹೆಂಗಸರ ಸಾಲೇ ಎದ್ದಿತು.

ಮರುದಿನ ಮುಂಜಾನೆ ಹೆಣ ಹೊರಲು ಒಬ್ಬ ಗಂಡಸೂ ಬರಲಿಲ್ಲ, ಆ ಕಡೆಯವರೂ ಇಲ್ಲ, ಈ ಕಡೆಯವರೂ ಇಲ್ಲ. ಹೆಂಗಸರು ಚಟ್ಟಕ್ಕೆ ಹೆಗಲು ಕೊಡುವುದು ನಮ್ಮಲ್ಲಿಲ್ಲ. ಅವತ್ತು ಕೊಟ್ಟರು. ಕುರುಡು ಮುದುಕಿ ಚಟ್ಟದ ಅಂಚು ಹಿಡಿದು ನಡೆದಳು. ಸಮಾಧಿ ಹೊಲ ಹಳ್ಳದ ದಂಡೆಯ ಮೇಲೆ, ಸುತ್ತ ಕಲ್ಲಿನ ಗೋಡೆ, ಒಂದು ಕಬ್ಬಿಣದ ಗೇಟು. ಗೇಟಿನ ಒಳಗೆ ದಾನಿಯೇಲಪ್ಪನವರು, ಕಮಿಟಿಯವರು, ಅಯ್ಯನೋರು ನಿಂತಿದ್ದರು. ಅಪ್ಪನೂ ಅಲ್ಲೇ ಇದ್ದ.

“ಕೀಲಿ ತಗೀರಿ” ಅಂದಳು ಅವ್ವ, ಅಪ್ಪನಿಗೇ. ಅಪ್ಪನ ಕೈ ಉಡದಾರಕ್ಕೆ ಹೋಯಿತು. ದಾನಿಯೇಲಪ್ಪನವರು ಆ ಕೈ ಹಿಡಿದರು.

“ನಾವೇನು ಕಲ್ಲಲ್ಲ ಮಾರ್ತವ್ವಾ. ಒಂದ ಮಾತು. ಆ ಮುತ್ತು ಹರೀರಿ, ಗೇಟು ತಗೀತೇವಿ. ಈಗಿಂದೀಗ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಹೆಂಗಸರಲ್ಲೂ ಕೆಲವರು ಸದ್ಯ ಬಗೆಹರಿಯಿತೆಂದು ನಿಟ್ಟುಸಿರು ಬಿಟ್ಟರು. ಚಟ್ಟ ಇಳಿಸಿದರು. ಮುದುಕಿ ತಡವರಿಸುತ್ತ ಕೂತು ಮಗಳ ಕೊರಳು ಹುಡುಕಿದಳು. ಕೈಗೆ ಮುತ್ತು ಸಿಕ್ಕವು.

“ಇವು ನಾ ಕಟ್ಟಿಸಿದ್ದು. ತಪ್ಪು ನಂದು. ಆಕಿದೇನು?” ಅನ್ನುತ್ತ ದಾರ ಜಗ್ಗತೊಡಗಿದಳು. ಬೆರಳಲ್ಲಿ ಬಲವಿರಲಿಲ್ಲ, ದಾರ ಹರಿಯಲಿಲ್ಲ.

ಅವ್ವ ಕೂತು ಆ ಕೈ ಹಿಡಿದಳು. “ಬ್ಯಾಡ ಆಯಿ. ಜೀವಂತ ಇದ್ದಾಗ ನಿನ್ನ ಸಲುವಾಗಿ ಇಟ್ಕೊಂಡಾಳ. ಸತ್ತ ಮ್ಯಾಲ ಇವರ ಸಲುವಾಗಿ ಹರಿಯೂದು ಬ್ಯಾಡ. ಮುತ್ತು ಸಮೇತ ಹೋಗ್ಲಿ. ತಗೀಬೇಕೋ ಇಡಬೇಕೋ, ಮ್ಯಾಲ ಹೋಗಿ ತಾನೇ ಕೇಳ್ಕೊಂತಾಳ.”

ಎದ್ದವಳು ಗೇಟಿನ ಕಡೆ ತಿರುಗಿ ನೋಡಲಿಲ್ಲ. ಗೋಡೆಗೆ ಹೊಂದಿ ಹೊರಗೊಂದು ಬೀಳು ನೆಲವಿತ್ತು, ಯಾರೂ ಬಿತ್ತದ್ದು, ಜಾಲಿ ಬೆಳೆದದ್ದು. ಅಲ್ಲಿ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಎತ್ತಿ ಹಾಕಿದಳು.

“ನಮ್ಮ ಹೊಲದಾಗ ಇಡ್ತೇನಿ ಅಂತ ಮಾತು ಕೊಟ್ಟೇನಿ. ಕೇಳ್ರಿ ಎಲ್ಲಾರೂ. ಇವತ್ತಿನಿಂದ ಇದೇ ನನ್ನ ಹೊಲ. ನಾ ಸತ್ರ ನನ್ನೂ ಇಲ್ಲೇ ಇಡ್ರಿ, ಈಕಿ ಬಾಜೂಕ. ಗೇಟಿನೊಳಗ ಒಯ್ದೀರಿ, ಎದ್ದು ಬರ್ತೇನಿ ನೋಡ್ರಿ.”

“ನನ್ನೂ ಇಲ್ಲೇ ಇಡ್ರಿ” ಅಂದಳು ಹೊಲದಲ್ಲಿ ಜಗಳ ತೆಗೆದಿದ್ದ ಆ ಹೆಂಗಸು, ಇನ್ನೊಂದು ಗುದ್ದಲಿ ಹಿಡಿಯುತ್ತ. “ನನ್ನೂ.” “ನನ್ನೂ.” ಕಪ್ಪು ಮಣ್ಣು ಸುಗ್ಗಿಯ ಬಿಸಿಲಿಗೆ ಕಲ್ಲಾಗಿತ್ತು. ಒಬ್ಬರಾದ ಮೇಲೆ ಒಬ್ಬರು ಅಗೆದರು. ಕೊನೆಗೆ ದಾನಿಯೇಲಪ್ಪನವರ ಹೆಂಡತಿ ಮುಂದೆ ಬಂದು, ಗಂಡನ ಕಡೆ ಒಮ್ಮೆ ನೋಡಿ, “ನನ್ನೂ ಇಲ್ಲೇ” ಅಂದಳು. ಗೋಡೆಯೊಳಗೆ ನಿಂತವರು ಆಗ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪ್ರಾರ್ಥನೆಯನ್ನೂ ಅವ್ವನೇ ಮಾಡಿದಳು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಅವ್ವ ಕರ್ತನ ಪ್ರಾರ್ಥನೆ ಶುರು ಮಾಡಿದಾಗ ಗೋಡೆಯ ಆಚೆಯಿಂದ ಒಂದು ಗಂಡು ದನಿ ಮೆಲ್ಲಗೆ ಸೇರಿಕೊಂಡಿತು. ಅಯ್ಯನೋರದು.

ಮರುದಿನ ಈಸ್ಟರ್. ನಮ್ಮಲ್ಲಿ ಆ ನಸುಕಿನ ಆರಾಧನೆ ಸಮಾಧಿ ಹೊಲದಲ್ಲೇ ನಡೆಯುತ್ತದೆ. ಗೋರಿಗಳಿಗೆ ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ, ಸೂರ್ಯ ಹುಟ್ಟುವಾಗ ಹಾಡಬೇಕು. ಗಂಡಸರು ಒಳಗೆ ಸೇರಿದರು, ಗೇಟು ಹಾಕಿಕೊಂಡರು. ಹೆಂಗಸರು, ಮಕ್ಕಳು, ಆ ಮುದುಕಿ, ನಾವೆಲ್ಲ ಹೊರಗೆ, ಹೊಸ ಮಣ್ಣಿನ ಸುತ್ತ. ಅಯ್ಯನೋರು ಒಳಗಿದ್ದರು. ಅವರು ಹಾಡು ಎತ್ತಿದರು. ಒಳಗಿನ ದನಿ ಸಪ್ಪೆಯಾಗಿತ್ತು. ನಮ್ಮ ಸಭೆಯಲ್ಲಿ ಹಾಡುವವರು ಹೆಂಗಸರೇ. ಎರಡನೇ ಚರಣಕ್ಕೆ ಅದು ನಿಂತೇ ಹೋಯಿತು. ಆಗ ಹೊರಗಿನಿಂದ ಅವ್ವ ಅದೇ ಹಾಡನ್ನು ಎತ್ತಿದಳು.

ಆ ಹಾಡಿನ ನಡುವೆ ಕೀಲಿಯ ಸಪ್ಪಳ ಕೇಳಿತು. ಅಪ್ಪ. ಉಡದಾರದಿಂದ ಕೀಲಿ ಬಿಚ್ಚಿ, ಗೇಟು ತೆರೆದು, ಯಾರನ್ನೂ ಕೇಳದೆ ಹೊರಗೆ ನಡೆದು ಬಂದ. ಅವ್ವನ ಪಕ್ಕ ನೆಲದ ಮೇಲೆ ಕೂತ. ಅವ್ವ ಹಾಡು ನಿಲ್ಲಿಸಲಿಲ್ಲ, ಸರಿದು ಜಾಗ ಕೊಟ್ಟಳು. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ. ಅವನ ಹಿಂದೆ ಅಯ್ಯನೋರು ಬಂದರು, ಹಾಡುತ್ತಲೇ ಬಂದರು. ಆಮೇಲೆ ಒಬ್ಬೊಬ್ಬರೇ ಉಳಿದವರು. ಸೂರ್ಯ ಮೇಲೆ ಬಂದಾಗ ಗೋಡೆಯೊಳಗೆ ದಾನಿಯೇಲಪ್ಪನವರು ಒಬ್ಬರೇ ಇದ್ದರು. ಅವತ್ತು ಅವರು ಹೊರಗೆ ಬರಲಿಲ್ಲ. ಊಟಕ್ಕೆ ಮಾತ್ರ ಬಂದರು. ಹಬ್ಬದ ಅಡುಗೆ ಗೌರವ್ವನ ಗುಡಿಸಲಲ್ಲೇ ಆಯಿತು, ಅದೇ ಹಿಡಿಜೋಳದಿಂದ. ಹೆಂಡತಿ ಬಡಿಸಿದ ಬಿಸಿ ರೊಟ್ಟಿಯನ್ನು ಅವರು ತಲೆಯೆತ್ತದೆ ಉಂಡರು. ಮರು ಶನಿವಾರ ಅವ್ವನ ಬುಟ್ಟಿ ಗುಡಿಯ ತಿರುವಿನಲ್ಲಿ ತಿರುಗಿತು. ಗೌರವ್ವನ ಮುದುಕಿ ತಾಯಿಗೆ ಕೊನೆಯವರೆಗೂ ಆ ಹಗೇವಿನಿಂದಲೇ ಗಂಜಿ ಹೋಯಿತು. ಇದಕ್ಕೆಲ್ಲ ಯಾವ ಕಮಿಟಿಯೂ ಇವತ್ತಿನವರೆಗೆ ಠರಾವು ಪಾಸು ಮಾಡಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವ್ವ ಹೋದಳು. ಅಷ್ಟರಲ್ಲಿ ಕೇರಿಯ ಎಷ್ಟೋ ಹೆಂಗಸರು ಹೋಗಿದ್ದರು, ಒಬ್ಬಳೂ ಗೇಟಿನೊಳಗೆ ಹೋಗಲು ಒಪ್ಪಿರಲಿಲ್ಲ. ಅವ್ವನನ್ನು ಗೌರವ್ವನ ಪಕ್ಕದಲ್ಲೇ ಇಟ್ಟೆವು. ಅವಳ ಇನ್ನೊಂದು ಪಕ್ಕ ಈಗ ಅಪ್ಪ ಇದ್ದಾನೆ.

ಇದೆಲ್ಲ ನೆನಪಾಗುತ್ತಿರುವಾಗಲೇ ಸುಗ್ಗಿ ಹಬ್ಬದ ಆರಾಧನೆ ಮುಗಿದಿತ್ತು. ಆಶೀರ್ವಾದ ಆದೊಡನೆ ನಾನು ಎದ್ದು ಆ ಚಿಕ್ಕ ಅಯ್ಯನೋರ ಹತ್ತಿರ ಹೋದೆ.

“ನಾನು ಮಾರ್ತಮ್ಮನ ಮಗಳ್ರಿ. ವಿಧೇಯಳು ಅಂದ್ರೆಲ್ಲಾ, ಆಕಿ ಎಲ್ಲಿ ಅದಾಳ ನೋಡೀರೇನು?”

ನೋಡಿಲ್ಲ ಅಂದರು. ಸಂಕೋಚದಿಂದಲೇ ನನ್ನ ಜೊತೆ ಹೊರಟರು. ಪೀಠದ ಮುಂದಿನ ರಾಶಿಯಿಂದ ಒಂದು ಹಿಡಿ ಜೋಳ ತೆಗೆದುಕೊಂಡೆ, ಯಾರೂ ಬೇಡ ಅನ್ನಲಿಲ್ಲ. ಹಳ್ಳದ ದಂಡೆಗೆ ಬಂದಾಗ ಅವರು ಗೌರವದಿಂದ ಗೇಟು ತೆರೆದು ಒಳಗೆ ಹೋದರು. ಒಂದೊಂದೇ ಕಲ್ಲಿನ ಮುಂದೆ ಬಗ್ಗಿ ಹೆಸರು ಓದುತ್ತ ಆ ತುದಿಯವರೆಗೆ ನಡೆದರು. ನಾನು ಜಾಲಿಯ ನೆರಳಲ್ಲಿ ಅವ್ವನ ಹತ್ತಿರ ನಿಂತು, ಹಿಡಿಯಲ್ಲಿದ್ದ ಜೋಳ ಅವಳ ಮೇಲೂ ಗೌರವ್ವನ ಮೇಲೂ ಸುರುವಿ, ಗೋಡೆಯ ಮೇಲಿಂದ ಕೂಗಿದೆ.

“ಒಳಗ ಹುಡುಕಬ್ಯಾಡ್ರಿ ಅಯ್ಯನೋರ. ಹೊರಗ ಬರ್ರಿ.”